ಇಗರ್ಜಿಯ ಬೀರುವಿನಲ್ಲಿ ಕುಲದ ಕಥೆ

ತಂದೆಯ ಹೆಸರು ಎಲ್ಲರಿಗೂ ಗೊತ್ತು. ತಾತನ ಹೆಸರು ಬಹುಮಂದಿಗೆ ಗೊತ್ತು. ಮುತ್ತಾತನ ಹೆಸರು ಕೇಳಿದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ತಡವರಿಸುತ್ತೇವೆ. ಇನ್ನು ಮುತ್ತಜ್ಜಿಯ ಹೆಸರೆಂದರೆ ತರಗತಿಗೆ ತರಗತಿಯೇ ಮೌನ ತಾಳುವುದನ್ನು ನಾನು ಶಾಸನ ಸಾಹಿತ್ಯದ ಪಾಠ ಮಾಡುವಾಗ ಪ್ರತಿವರ್ಷವೂ ಕಾಣುತ್ತಿದ್ದೇನೆ. ಗಂಗರ, ಚಾಲುಕ್ಯರ, ಹೊಯ್ಸಳರ ವಂಶಾವಳಿಯನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಗೆ ತನ್ನ ಮನೆಯ ನಾಲ್ಕನೆಯ ತಲೆ ತಿಳಿಯದು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಅರಸರ ವಂಶವನ್ನು ಕಲ್ಲಿನಲ್ಲಿ ಕಡೆಸಿದರು. ಪ್ರಜೆಗಳ ವಂಶವನ್ನು ಬರೆದಿಡುವ ಹೊಣೆಯನ್ನು ಯಾರೂ ಹೊರಲಿಲ್ಲ.

ಯಾರೂ ಹೊರಲಿಲ್ಲವೆಂದು ಪೂರ್ತಿಯಾಗಿ ಹೇಳುವುದೂ ಸಲ್ಲದು. ಒಕ್ಕಲುಮಕ್ಕಳಿಗೆ ಹೆಳವರಿದ್ದರು. ಸುಗ್ಗಿಯ ಕಾಲಕ್ಕೆ ಎತ್ತಿನ ಮೇಲೆ ಕುಳಿತು ಮನೆಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಕಾಳುಕಡ್ಡಿ ಪಡೆದು ಮುಂದಿನ ಊರಿಗೆ ಹೋಗುವ ಈ ಹೆಳವರು ನಮ್ಮ ನಾಡಿನ ನಡೆದಾಡುವ ದಫ್ತರಗಳು. ಯಾತ್ರೆಗೆ ಹೋದವರಿಗೆ ಹರಿದ್ವಾರದ ಪಂಡರ ವಹಿಗಳುಂಟು. ಆದರೆ ನಮ್ಮ ನಾಡಿನಲ್ಲೇ ಶತಮಾನಗಳಿಂದ ಬಾಳಿ, ನಮ್ಮದೇ ನುಡಿಗಳನ್ನಾಡುವ ಕ್ರೈಸ್ತ ಕುಟುಂಬಗಳ ಕಥೆಯೇನು? ಕುಲದ ಹಿರಿಯನೊಬ್ಬ ಕ್ರಿಸ್ತಮತವನ್ನು ಅವಲಂಬಿಸಿದ ದಿನವೇ ಹೆಳವನ ಬಾಯಲ್ಲಿ ಆ ಕೊಂಬೆ ನಿಂತುಹೋಗುವುದು ಸಹಜ. ಅಲ್ಲಿಂದ ಮುಂದಿನ ಕಥೆ ಬೇರೊಂದು ಕಡೆ ಮುಂದುವರಿಯಿತು. ಇಗರ್ಜಿಯ ಪಕ್ಕದ ಕೋಣೆಯಲ್ಲಿ, ಮರದ ಬೀರುವಿನಲ್ಲಿ, ಚರ್ಮದ ರಟ್ಟು ಕಟ್ಟಿದ ದೊಡ್ಡ ಪುಸ್ತಕಗಳಲ್ಲಿ ಅದು ಇದೆ. ಆ ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕು, ಯಾರು ಕೇಳಿದರೆ ಅದನ್ನು ತೆರೆಯಬೇಕು ಎಂಬುದೇ ಈ ಲೇಖನದ ವಿಷಯ.

ಪುಸ್ತಕ ಹುಟ್ಟಿದ ಬಗೆ

ಈ ಪುಸ್ತಕಗಳನ್ನು ಬರೆದವರು ಚರಿತ್ರೆಗಾಗಿ ಬರೆದವರಲ್ಲ. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆಯು ೧೫೬೩ರಲ್ಲಿ, ಪ್ರತಿಯೊಬ್ಬ ಪ್ಯಾರಿಷ್ ಪಾದ್ರಿಯೂ ಮದುವೆಗಳನ್ನೂ ಜ್ಞಾನಸ್ನಾನಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವವರ ಕಾಟವನ್ನು ತಪ್ಪಿಸುವುದು ಒಂದು ಉದ್ದೇಶ. ನಿಷಿದ್ಧ ಸಂಬಂಧಗಳಲ್ಲಿ ಮದುವೆ ನಡೆಯದಂತೆ ನೋಡಿಕೊಳ್ಳುವುದು ಇನ್ನೊಂದು. ನಮ್ಮಲ್ಲಿ ಸಗೋತ್ರವನ್ನು ವಿಚಾರಿಸುವಂತೆಯೇ ಅಲ್ಲಿ ರಕ್ತಸಂಬಂಧವನ್ನೂ, ಜ್ಞಾನಪಿತ ಜ್ಞಾನಮಾತೆಯರ ಮೂಲಕ ಉಂಟಾಗುವ ಆಧ್ಯಾತ್ಮಿಕ ಸಂಬಂಧವನ್ನೂ ವಿಚಾರಿಸಬೇಕಾಗಿತ್ತು. ವಿಚಾರಿಸಲು ದಾಖಲೆ ಬೇಕಾಯಿತು. ಹೀಗೆ ಅವಶ್ಯಕತೆಯೇ ಪಾದ್ರಿಯನ್ನು ವಂಶಲೇಖಕನನ್ನಾಗಿ ಮಾಡಿತು. ೧೬೧೪ರ ರೋಮನ್ ವಿಧಿಗ್ರಂಥವು ಮರಣದ ಪುಸ್ತಕವನ್ನೂ, ಮನೆಮನೆಯ ಜನರನ್ನು ಎಣಿಸಿ ಬರೆಯುವ ‘ಆತ್ಮಗಳ ಸ್ಥಿತಿ’ ಎಂಬ ಇನ್ನೊಂದು ಪುಸ್ತಕವನ್ನೂ ಸೇರಿಸಿತು. ಇಂಗ್ಲೆಂಡಿನಲ್ಲಿ ಇದಕ್ಕೂ ಮೊದಲೇ, ೧೫೩೮ರಲ್ಲಿ, ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್ಷೂ ಇಂಥ ಪುಸ್ತಕ ಇಡಬೇಕೆಂದು ಆಜ್ಞೆ ಮಾಡಿದ್ದನು.

ಕಥೋಲಿಕರ ಜ್ಞಾನಸ್ನಾನದ ಒಂದು ದಾಖಲೆಯಲ್ಲಿ ಸಾಮಾನ್ಯವಾಗಿ ಏನೇನಿರುತ್ತದೆಂದು ನೋಡಿರಿ: ಮಗುವಿನ ಹೆಸರು, ಹುಟ್ಟಿದ ದಿನ, ಸ್ನಾನ ಕೊಟ್ಟ ದಿನ, ತಂದೆ, ತಾಯಿ, ಅವರ ವಾಸಸ್ಥಳ, ಜ್ಞಾನಪಿತ, ಜ್ಞಾನಮಾತೆ, ಪಾದ್ರಿಯ ಸಹಿ. ಆರೇಳು ಸಾಲುಗಳೊಳಗೆ ಒಂದು ಮನೆಯೂ ಅದರ ನೆರೆಹೊರೆಯೂ ಅಡಗಿವೆ. ಜ್ಞಾನಪಿತನಾದವನು ಬಹುಮಟ್ಟಿಗೆ ಮಾವನೋ ಚಿಕ್ಕಪ್ಪನೋ ಆಪ್ತ ನೆರೆಯವನೋ ಆಗಿರುವುದರಿಂದ, ನಾಲ್ಕಾರು ದಾಖಲೆಗಳನ್ನು ಜೋಡಿಸಿದರೆ ಬಳಗವೇ ಕಣ್ಮುಂದೆ ನಿಲ್ಲುತ್ತದೆ. ಪುಟದ ಅಂಚನ್ನೂ ಅಲಕ್ಷಿಸುವಂತಿಲ್ಲ. ೧೯೦೭ರಲ್ಲಿ ರೋಮಿನಿಂದ ಹೊರಟ ಒಂದು ಕಟ್ಟಳೆಯಂತೆ, ವ್ಯಕ್ತಿಯು ಎಲ್ಲಿಯೇ ಮದುವೆಯಾದರೂ ಆ ಸುದ್ದಿಯನ್ನು ಅವನು ಸ್ನಾನ ಪಡೆದ ಇಗರ್ಜಿಗೆ ತಿಳಿಸಿ ಅಲ್ಲಿಯ ಪುಸ್ತಕದಲ್ಲಿ ನಮೂದಿಸಬೇಕು. ಆದಕಾರಣ ಮಂಗಳೂರಿನ ಕಡೆ ಹುಟ್ಟಿ ಮುಂಬಯಿಯಲ್ಲಿ ಮದುವೆಯಾದವನ ಕಥೆ ಅವನ ಹುಟ್ಟಿನ ಸಾಲಿನ ಪಕ್ಕದಲ್ಲೇ, ಬೇರೆ ಮಸಿಯಲ್ಲಿ, ಬೇರೆ ಕೈಯಲ್ಲಿ ದೊರೆಯುವುದುಂಟು.

ಇನ್ನೊಂದು ಮಾತು. ಹಳೆಯ ಭೂದಾಖಲೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಗಂಡಸರ ಹೆಸರು. ಅದೂ ಆಸ್ತಿಯಿದ್ದ ಗಂಡಸರದು. ಹೆಂಗಸಿನ ಹೆಸರು, ಹುಟ್ಟಿದ ವಾರಕ್ಕೇ ತೀರಿಕೊಂಡ ಕೂಸಿನ ಹೆಸರು, ಕೂಲಿಯಾಳಿನ ಹೆಸರು, ಇವೆಲ್ಲ ಒಂದೇ ಸಾಲಿನಲ್ಲಿ ಸಮಾನವಾಗಿ ನಿಲ್ಲುವ ಹಳೆಯ ಪುಸ್ತಕ ನಮ್ಮ ನಾಡಿನಲ್ಲಿ ತೀರ ವಿರಳ. ಮುತ್ತಜ್ಜಿಯ ಹೆಸರು ಬೇಕಾದವರಿಗೆ ಇಗರ್ಜಿಯ ಪುಸ್ತಕದಷ್ಟು ಉಪಕಾರಿಯಾದುದು ಬೇರೊಂದಿಲ್ಲ.

ನಮ್ಮ ನಾಡಿನ ಪುಸ್ತಕಗಳು

ಕರಾವಳಿಯ ಕಥೋಲಿಕರಲ್ಲಿ ಬಹುಮಂದಿಯ ಹಿರಿಯರು ಗೋವೆಯಿಂದ ಬಂದವರು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ, ಧಾರ್ಮಿಕ ವಿಚಾರಣೆಯ ಭಯ, ಬರ, ಮರಾಠರ ದಾಳಿ ಎಂಬ ಕಾರಣಗಳಿಂದ ತಂಡತಂಡವಾಗಿ ತೆಂಕಣಕ್ಕೆ ಇಳಿದರು. ಅವರ ಮನೆತನದ ಹೆಸರುಗಳೆಂದು ನಾವು ಭಾವಿಸುವ ಪಿಂಟೊ, ಲೋಬೊ, ಡಿಸೋಜ ಮೊದಲಾದವು ಮತಾಂತರದ ಕಾಲದಲ್ಲಿ ಜ್ಞಾನಪಿತನಿಂದಲೋ ಪಾದ್ರಿಯಿಂದಲೋ ಬಂದ ಪೋರ್ತುಗೀಸ್ ಹೆಸರುಗಳು. ಆದ್ದರಿಂದ ಇಬ್ಬರು ಡಿಸೋಜರು ದಾಯಾದಿಗಳಾಗಿರಬೇಕೆಂಬ ನಿಯಮವೇನೂ ಇಲ್ಲ. ಎಷ್ಟೋ ಮನೆಗಳಲ್ಲಿ ಪ್ರಭು, ಕಾಮತ, ಶೆಣೈ, ನಾಯಕ ಎಂಬ ಹಳೆಯ ಹೆಸರುಗಳ ನೆನಪು ಇಂದಿಗೂ ಉಳಿದಿದೆ. ನಿಜವಾದ ಕುರುಹು ದೊರೆಯುವುದು ಊರಿನ ಹೆಸರಿನಲ್ಲಿ, ಮನೆಯ ಹೆಸರಿನಲ್ಲಿ. ಅವನ್ನು ಹುಡುಕಬೇಕಾದದ್ದು ಇಗರ್ಜಿಯ ಪುಸ್ತಕದಲ್ಲಿ.

ಆದರೆ ಆ ಪುಸ್ತಕಗಳ ಸಾಲು ಒಂದು ಕಡೆ ಹರಿದಿದೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ಕೆಡವಲ್ಪಟ್ಟುವು. ಉಳಿದವರು ಹಿಂದಿರುಗಿದ್ದು ೧೭೯೯ರ ಅನಂತರ. ಕಟ್ಟಡವೇ ನೆಲಸಮವಾದ ಮೇಲೆ ಅದರೊಳಗಿನ ಕಾಗದಗಳಿಗೆ ಏನು ಗತಿ! ಆ ಹದಿನೈದು ವರ್ಷಗಳನ್ನು ದಾಟಿ ಹಿಂದಕ್ಕೆ ಹೋಗಬಯಸುವ ಕುಟುಂಬಗಳಿಗೆ ಗೋವೆಯ ಮೂಲಗ್ರಾಮದ ಪುಸ್ತಕಗಳೇ ಗತಿ. ಅದಕ್ಕೂ ಆ ಗ್ರಾಮ ಯಾವುದೆಂಬ ನೆನಪು ಮನೆಯಲ್ಲಿ ಉಳಿದಿರಬೇಕು.

ಕನ್ನಡ ಅಧ್ಯಾಪಕನಾದ ನನ್ನನ್ನು ಈ ಪುಸ್ತಕಗಳ ಕಡೆಗೆ ಎಳೆದದ್ದು ವ್ಯಕ್ತಿನಾಮಗಳ ಅಭ್ಯಾಸ. ಹಳೆಯ ಮೈಸೂರಿನ ಕಥೋಲಿಕರಲ್ಲಿ ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಶೌರಪ್ಪ, ಇನ್ನಾಸಪ್ಪ ಎಂಬ ಹೆಸರುಗಳು ಸಾಮಾನ್ಯ. ತಮಿಳಿನ ಸಂಪರ್ಕದಿಂದ ಬಂದು ಕನ್ನಡದ ಮೈಯನ್ನು ತಳೆದ ಹೆಸರುಗಳಿವು. ಲ್ಯಾಟಿನ್ನಿನಲ್ಲಿ ಬರೆಯುವ ಪಾದ್ರಿಯ ಕೈಯಲ್ಲಿ ರಾಯಪ್ಪನು ಪೆತ್ರುಸ್ ಆಗುತ್ತಾನೆ, ಚಿನ್ನಪ್ಪನು ಪೌಲುಸ್, ಅರುಳಪ್ಪನು ಜೊಆನ್ನೆಸ್, ಶೌರಪ್ಪನು ಸಂತ ಕ್ಸೇವಿಯರನ ಹೆಸರಿನವನು, ಇನ್ನಾಸಪ್ಪನು ಇಗ್ನಾಸಿಯುಸ್. ಕರಾವಳಿಯ ಕೊಂಕಣಿ ಮನೆಯಲ್ಲಿ ಜುವಾಂವ್ ಎಂದು ಕರೆಯಿಸಿಕೊಂಡವನು ಪುಸ್ತಕದಲ್ಲಿ ಜೊಆನ್ನೆಸ್, ಶಾಲೆಗೆ ಸೇರುವಾಗ ಜಾನ್. ಒಬ್ಬನೇ ಮನುಷ್ಯನಿಗೆ ಮೂರು ಹೆಸರು! ಇದನ್ನರಿಯದೆ ಚಿನ್ನಪ್ಪನನ್ನು ಚಿನ್ನಪ್ಪನೆಂದೇ ಹುಡುಕುವವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಪ್ರಾಟೆಸ್ಟೆಂಟರ ಪುಸ್ತಕಗಳ ಬಗೆಯೇ ಬೇರೆ. ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಮೋಗ್ಲಿಂಗ್ ಮತ್ತು ಕಿಟ್ಟೆಲ್ಲರ ಹೆಸರುಗಳನ್ನು ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ೧೮೪೩ರ ‘ಮಂಗಳೂರ ಸಮಾಚಾರ’ವನ್ನೂ ೧೮೯೪ರ ನಿಘಂಟನ್ನೂ ಕೊಟ್ಟ ಈ ಮಿಶನ್ ಬರವಣಿಗೆಯಲ್ಲಿ ಬಹು ಶಿಸ್ತಿನದು, ಸಭೆಗಳ ಪುಸ್ತಕಗಳಲ್ಲಿ, ಬಾಸೆಲ್ಲಿಗೆ ಕಳುಹಿಸಿದ ವರದಿಗಳಲ್ಲಿ ಅದರ ಲೇಖನಿ ವಿರಮಿಸಿದ್ದೇ ಇಲ್ಲ. ಆ ಕಾಗದಪತ್ರಗಳ ಒಂದು ಭಾಗ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿದೆ. ಇನ್ನೊಂದು ಭಾಗ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಬಾಸೆಲ್ಲಿನವರು ತಮ್ಮ ಹಳೆಯ ಛಾಯಾಚಿತ್ರಗಳನ್ನು ಸಾವಿರಗಟ್ಟಲೆಯಾಗಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆದರೆ ಜರ್ಮನರ ಹಳೆಯ ಕೈಬರಹದ ಲಿಪಿ ಇಂದಿನ ಜರ್ಮನರಿಗೇ ಕಷ್ಟ. ಮೋಡಿ ಲಿಪಿಯ ಕಡತ ಎದುರಿಗಿದ್ದಾಗ ನಮಗೆ ಆಗುವ ಅವಸ್ಥೆಯೇ ಅಲ್ಲಿಯೂ ಆಗುತ್ತದೆ.

ಒಂದು ಮನೆಯ ಹುಡುಕಾಟ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ಅವಳ ತಾಯಿಯ ಕಡೆಯ ಹಿರಿಯಳೊಬ್ಬಳು ೧೮೭೬–೭೮ರ ಮಹಾಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಮಿಶನ್ನಿನ ಅನಾಥಾಲಯ ಸೇರಿದವಳೆಂದು ಮನೆಯಲ್ಲಿ ಮಾತು. ಎಲ್ಲಿಂದ ಬಂದಳು, ಯಾರ ಮಗಳು, ಮೊದಲ ಹೆಸರೇನು ಎಂಬುದು ಯಾರಿಗೂ ತಿಳಿಯದು. ಪಾದ್ರಿಗಳು ಇಟ್ಟ ಬೈಬಲಿನ ಹೆಸರೊಂದೇ ಉಳಿದಿತ್ತು. ನನ್ನ ವಿದ್ಯಾರ್ಥಿನಿಯ ತಾಯಿಗೆ ಎಂಬತ್ತು ದಾಟಿತ್ತು. ‘ನಮ್ಮ ಅಜ್ಜಿಗೆ ಒಂದು ಊರು ಅಂತ ಇತ್ತೋ ಇಲ್ಲವೋ’ ಎಂದು ಆಕೆ ಪದೇ ಪದೇ ಕೇಳುತ್ತಿದ್ದಳಂತೆ. ಮಗಳು ಹುಡುಕಹೊರಟದ್ದು ಈ ಪ್ರಶ್ನೆಗಾಗಿ.

ಮೊದಲು ಹೋದ ಊರಿನ ಸಭೆಯಲ್ಲಿ ಪುಸ್ತಕ ತೋರಿಸಲಿಲ್ಲ. ಮೇಲಿನವರ ಅಪ್ಪಣೆ ಬೇಕೆಂದರು. ಮೇಲಿನವರಿಗೆ ಮೂರು ಸಲ ಬರೆದರೂ ಉತ್ತರವಿಲ್ಲ. ಒಬ್ಬ ಹಿರಿಯ ಪಾದ್ರಿ ಮಾತ್ರ ಬಿಚ್ಚಿ ಹೇಳಿದರು: ‘ಅಮ್ಮ, ಆ ಪುಸ್ತಕಗಳಲ್ಲಿ ಒಬ್ಬರ ಪುಟ ತೆರೆದರೆ ಹತ್ತು ಜನರ ಪುಟ ತೆರೆದ ಹಾಗೆ. ತಂದೆ ತಿಳಿಯದ ಮಕ್ಕಳಿದ್ದಾರೆ. ಬಿಟ್ಟುಬಂದ ಜಾತಿಯ ಹೆಸರಿದೆ. ಅವರ ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ.’ ಈ ಮಾತನ್ನು ನೆವವೆಂದು ತಳ್ಳಿಹಾಕುವಂತಿಲ್ಲ. ನಾಲ್ಕು ತಲೆಮಾರಿನ ಹಿಂದಿನ ಜಾತಿಯನ್ನು ಕೆದಕಿ ಇಂದಿನವರನ್ನು ಅಳೆಯುವ ಚಪಲ ನಮ್ಮ ಸಮಾಜದಲ್ಲಿ ಸತ್ತಿಲ್ಲವಷ್ಟೆ.

ಎರಡನೆಯ ಕಡೆ ಬಾಗಿಲು ತೆರೆಯಿತು. ಅಲ್ಲಿಯ ಪಾದ್ರಿ ಬೇಕಾದ ವರ್ಷದ ಪುಸ್ತಕವನ್ನಷ್ಟೆ ಹೊರತೆಗೆದು, ತಾವೇ ಎದುರಿಗೆ ಕುಳಿತರು. ಅಕ್ಷರ ಬಿಡಿಸಲು ನನ್ನನ್ನೂ ಕರೆದಿದ್ದರಿಂದ ನಾನು ಜೊತೆಗಿದ್ದೆ. ಕನ್ನಡ ಜರ್ಮನ್ ಬೆರೆತ ಬರಹ. ಹುಳು ತಿಂದು ಪುಟಗಳ ಮೂಲೆಗಳು ಜರಡಿಯಾಗಿದ್ದುವು. ಎರಡು ಗಂಟೆ ಕಳೆದ ಮೇಲೆ ೧೮೭೮ರ ಪುಟವೊಂದರಲ್ಲಿ ಆ ಹೆಸರು ಸಿಕ್ಕಿತು. ಅದರ ಮುಂದೆ ಹುಟ್ಟಿದ ಊರು. ಬಯಲುಸೀಮೆಯ ಒಂದು ಹಳ್ಳಿ. ಅದರ ಮುಂದೆ ಮೊದಲಿನ ಹೆಸರು. ತೀರ ಸಾಮಾನ್ಯವಾದ, ಚೆಂದದ ಒಂದು ಕನ್ನಡ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದು ಉಚಿತವಲ್ಲ. ಅದು ಆ ಮನೆಯ ಸೊತ್ತು. ಕೆಳಗಿನ ಸಾಲಿನಲ್ಲಿ, ಅದೇ ದಿನ, ಅದೇ ಹಳ್ಳಿಯ ಒಬ್ಬ ಹುಡುಗ. ‘ಇವಳ ತಮ್ಮ, ಪ್ರಾಯ ಸುಮಾರು ಆರು’ ಎಂದಿತ್ತು. ತಮ್ಮನೊಬ್ಬನಿದ್ದನೆಂಬ ಸಂಗತಿಯೇ ಮನೆಯವರಿಗೆ ಗೊತ್ತಿರಲಿಲ್ಲ. ಪಾದ್ರಿಗಳು ಮಾತಾಡದೆ ಎದ್ದು ಹೋಗಿ ಸಮಾಧಿಯ ಪುಸ್ತಕವನ್ನು ತಂದರು. ನಾಲ್ಕು ತಿಂಗಳ ಆಚೆ ಆ ಹುಡುಗನ ಹೆಸರಿತ್ತು.

ಮಗಳು ಆ ಮೂರು ಸಾಲುಗಳನ್ನು ಬರೆದುಕೊಂಡು ಹೋಗಿ ತಾಯಿಗೆ ಓದಿ ಹೇಳಿದಳು. ಮುದುಕಿ ಹಳ್ಳಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಆಮೇಲೆ ಆ ಹುಡುಗನ ಹೆಸರನ್ನು ಹೇಳಿಸಿಕೊಂಡಳಂತೆ. ಮುಂದಿನ ಭಾನುವಾರ ಮನೆಯ ಪ್ರಾರ್ಥನೆಯಲ್ಲಿ ಅವನ ಹೆಸರೂ ಸೇರಿತು.

ಕಾನೂನು ಏನೆನ್ನುತ್ತದೆ?

ಒಂದು ಕಡೆ ಇಲ್ಲವೆನ್ನಿಸಿಕೊಂಡದ್ದು ಇನ್ನೊಂದು ಕಡೆ ದೊರೆಯಿತು. ಇದು ಪಾದ್ರಿಯೊಬ್ಬರ ಸ್ವಭಾವವನ್ನು ಅವಲಂಬಿಸಿದ ವಿಷಯವಾಗಿ ಉಳಿಯಬೇಕೆ? ಕಾನೂನಿನಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ೧೮೭೨ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ೭೯ನೆಯ ವಿಧಿಯ ಪ್ರಕಾರ, ಆ ಕಾಯಿದೆಯಂತೆ ಇಟ್ಟ ಮದುವೆಯ ಪುಸ್ತಕವನ್ನು ವಶದಲ್ಲಿಟ್ಟುಕೊಂಡವರು, ತಕ್ಕ ಶುಲ್ಕ ಪಡೆದು, ಯುಕ್ತವಾದ ವೇಳೆಯಲ್ಲಿ ಅದರಲ್ಲಿ ಹುಡುಕಲು ಅವಕಾಶ ಕೊಡಬೇಕು. ಕೇಳಿದ ದಾಖಲೆಯ ನಕಲನ್ನು ಸಹಿ ಮಾಡಿ ಕೊಡಬೇಕು. ಮದುವೆಯ ಪುಸ್ತಕಗಳಿಗೆ ಹಾಕಿದ ಬೀಗವು ಈ ಮಟ್ಟಿಗೆ ಕಾನೂನಿನ ಮುಂದೆ ನಿಲ್ಲದು. ಈ ವಿಧಿಯನ್ನು ಬಲ್ಲವರು ಕಡಿಮೆ. ಆದರೆ ಇದು ಮದುವೆಗೆ ಮಾತ್ರ ಸಂಬಂಧಿಸಿದ್ದು; ಜ್ಞಾನಸ್ನಾನದ, ಸಮಾಧಿಯ ಪುಸ್ತಕಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಕಥೋಲಿಕ ಸಭೆಯ ಧರ್ಮಸಂಹಿತೆ, ಅಂದರೆ ೧೯೮೩ರ ಕ್ಯಾನನ್ ಕಾನೂನು, ಈ ವಿಷಯದಲ್ಲಿ ಮೌನವಾಗಿಲ್ಲ. ಅದರ ೫೩೫ನೆಯ ವಿಧಿ ಹಳೆಯ ಪುಸ್ತಕಗಳನ್ನು ಜಾಗರೂಕತೆಯಿಂದ ಕಾಪಾಡಬೇಕೆನ್ನುತ್ತದೆ. ೪೮೭ನೆಯ ವಿಧಿ ಬಿಷಪ್ಪರ ಪತ್ರಾಗಾರಕ್ಕೆ ಬೀಗ ಹಾಕಿರಬೇಕೆಂದು ಮೊದಲು ಹೇಳಿ, ಒಡನೆಯೇ, ಸ್ವಭಾವತಃ ಸಾರ್ವಜನಿಕವೆನಿಸುವ, ತನ್ನ ಸ್ವಂತ ಸ್ಥಿತಿಗತಿಗೆ ಸಂಬಂಧಪಟ್ಟ ದಾಖಲೆಯ ಅಧಿಕೃತ ನಕಲನ್ನು ಪಡೆಯುವ ಹಕ್ಕು ಆಯಾ ವ್ಯಕ್ತಿಗೆ ಉಂಟೆಂದೂ ಹೇಳುತ್ತದೆ. ಪ್ರತಿಯೊಂದು ಧರ್ಮಪ್ರಾಂತ್ಯದಲ್ಲಿಯೂ ಚಾರಿತ್ರಿಕ ಪತ್ರಾಗಾರವೊಂದು ಇರಬೇಕೆಂಬುದು ೪೯೧ನೆಯ ವಿಧಿ. ೧೯೯೭ರಲ್ಲಿ ವ್ಯಾಟಿಕನ್ನಿನ ಸಾಂಸ್ಕೃತಿಕ ಸ್ವತ್ತುಗಳ ಆಯೋಗವು ಇಗರ್ಜಿಯ ಪತ್ರಾಗಾರಗಳ ಕುರಿತಾಗಿಯೇ ಒಂದು ಸುತ್ತೋಲೆ ಹೊರಡಿಸಿ, ಅವುಗಳ ರಕ್ಷಣೆಯನ್ನೂ ಸದುಪಯೋಗವನ್ನೂ ಸಭೆಯ ಧಾರ್ಮಿಕ ಸೇವೆಯ ಒಂದು ಅಂಗವೆಂದೇ ಗಣಿಸಿತು. ಸ್ವಂತ ದಾಖಲೆಗೆ ಹಕ್ಕುಂಟು. ಮುತ್ತಜ್ಜಿಯ ದಾಖಲೆಗೆ ಮಾತ್ರ ಅಪ್ಪಣೆ ಬೇಕು. ಕುಲಶೋಧಕನ ತೊಡಕು ಇರುವುದು ಇಲ್ಲಿಯೇ.

ಹೊರನಾಡುಗಳ ಪಾಠ

ಈ ತೊಡಕನ್ನು ಬೇರೆ ದೇಶಗಳು ಬಿಡಿಸಿದ ರೀತಿ ನೋಡತಕ್ಕದ್ದು. ಇಂಗ್ಲೆಂಡಿನಲ್ಲಿ ೧೫೯೮ರಷ್ಟು ಹಿಂದೆಯೇ, ಪ್ರತಿವರ್ಷದ ದಾಖಲೆಗಳ ಒಂದು ನಕಲನ್ನು ಬಿಷಪ್ಪರಿಗೆ ಕಳುಹಿಸಬೇಕೆಂಬ ನಿಯಮವಾಯಿತು. ಮೂಲ ನಾಶವಾದಲ್ಲಿ ನಕಲು, ನಕಲು ಕಳೆದಲ್ಲಿ ಮೂಲ, ಹೀಗೆ ಎಷ್ಟೋ ಊರುಗಳ ದಾಖಲೆ ಉಳಿಯಿತು. ೧೯೭೮ರಲ್ಲಿ ಅಲ್ಲಿಯ ಆಂಗ್ಲಿಕನ್ ಸಭೆಯೇ ಕಟ್ಟಳೆ ಮಾಡಿ, ನೂರು ವರ್ಷ ದಾಟಿದ ಪುಸ್ತಕಗಳನ್ನು, ಸುರಕ್ಷತೆಯ ವಿಶೇಷ ಏರ್ಪಾಡಿದ್ದ ಹೊರತು, ಧರ್ಮಪ್ರಾಂತ್ಯದ ದಾಖಲೆಗಾರಕ್ಕೆ ಒಪ್ಪಿಸಬೇಕೆಂದಿತು.

ಐರ್ಲೆಂಡಿನದು ದುಃಖದ ಕಥೆ. ೧೯೨೨ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸರ್ಕಾರಿ ದಾಖಲೆಗಾರಕ್ಕೆ ಬೆಂಕಿ ಬಿದ್ದು, ಅಲ್ಲಿ ಕೂಡಿಟ್ಟಿದ್ದ ಪ್ರಾಟೆಸ್ಟೆಂಟ್ ಸಭೆಯ ನೂರಾರು ಪ್ಯಾರಿಷ್ಷುಗಳ ಪುಸ್ತಕಗಳು ಬೂದಿಯಾದುವು. ಹಳ್ಳಿಯ ಪಾದ್ರಿಗಳ ಮನೆಯಲ್ಲೇ ಉಳಿದಿದ್ದ ಕಥೋಲಿಕ ಪುಸ್ತಕಗಳು ಬದುಕಿದುವು. ಹಾಗೆಂದು ಪುಸ್ತಕ ಹಳ್ಳಿಯಲ್ಲೇ ಇರಬೇಕೆಂಬುದು ಇದರ ಪಾಠವಲ್ಲ. ಹಳ್ಳಿಯಲ್ಲಿ ಗೆದ್ದಲಿದೆ, ಸೋರುವ ಮಾಡು ಇದೆ. ಎಲ್ಲಿದ್ದರೂ ಒಂದೇ ಪ್ರತಿ ಇರಕೂಡದು ಎಂಬುದೇ ಪಾಠ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಬಿಷಪ್ಪರ ಒಪ್ಪಿಗೆ ಪಡೆದು ಆ ಕಥೋಲಿಕ ಪುಸ್ತಕಗಳ ಮೈಕ್ರೊಫಿಲ್ಮ್ ತೆಗೆಯಿಸಿತು. ೨೦೧೫ರ ಜುಲೈಯಲ್ಲಿ ಸಾವಿರಕ್ಕೂ ಮಿಕ್ಕ ಪ್ಯಾರಿಷ್ಷುಗಳ ಪುಟಗಳನ್ನು ಶುಲ್ಕವಿಲ್ಲದೆ ಅಂತರ್ಜಾಲದಲ್ಲಿ ಇಟ್ಟಿತು.

ಅಮೆರಿಕೆಯ ಯೂಟಾ ಪ್ರಾಂತದ ಮೊರ್ಮನ್ ಸಭೆಯವರದು ಇನ್ನೊಂದು ಬಗೆ. ಅವರು ೧೯೩೮ರಿಂದ ಲೋಕದ ನಾನಾ ಕಡೆಯ ದಾಖಲೆಗಳ ಮೈಕ್ರೊಫಿಲ್ಮ್ ತೆಗೆದು, ಸಾಲ್ಟ್ ಲೇಕ್ ನಗರದ ಬಳಿ ಬೆಟ್ಟದ ಕಲ್ಲು ಕೊರೆದು ಮಾಡಿದ ಕಣಜದಲ್ಲಿ ಇರಿಸಿದ್ದಾರೆ. ನಮ್ಮ ಹರಿದ್ವಾರದ ವಹಿಗಳ ಚಿತ್ರಗಳೂ ಅವರ ಸಂಗ್ರಹದಲ್ಲಿವೆ. ಆದರೆ ಸತ್ತವರ ಪರವಾಗಿ ಬದುಕಿರುವವರಿಗೆ ದೀಕ್ಷಾಸ್ನಾನ ಮಾಡಿಸುವ ಪದ್ಧತಿ ಆ ಸಭೆಯಲ್ಲಿರುವುದರಿಂದ, ೨೦೦೮ರ ಏಪ್ರಿಲಿನಲ್ಲಿ ವ್ಯಾಟಿಕನ್ ತನ್ನ ಬಿಷಪ್ಪರಿಗೆ ಪ್ಯಾರಿಷ್ ಪುಸ್ತಕಗಳನ್ನು ಅವರಿಗೆ ಒದಗಿಸಬಾರದೆಂದು ತಿಳಿಸಿತು. ತನ್ನ ಭಕ್ತರ ಹೆಸರನ್ನು ಇನ್ನೊಂದು ಮತದ ವಿಧಿಗೆ ಬಳಸುವುದನ್ನು ಒಪ್ಪದಿರುವುದು ಅರ್ಥವಾಗತಕ್ಕದ್ದೇ. ಹೊರಗಿನವರಿಗೆ ಕೊಡುವುದಿಲ್ಲವೆಂದ ಮೇಲೆ, ತಾನೇ ಪ್ರತಿ ತೆಗೆದು ತನ್ನ ಮಕ್ಕಳಿಗೆ ತೋರಿಸುವ ಹೊಣೆ ಇಮ್ಮಡಿಯಾಯಿತೆಂಬುದನ್ನೂ ಇದರ ಜೊತೆಗೆ ನೆನೆಯಬೇಕು.

ನಮ್ಮ ನಾಡಿಗೆ ನೇರವಾಗಿ ತಟ್ಟುವ ಉದಾಹರಣೆ ಲಂಡನ್ನಿನಲ್ಲಿದೆ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದಲೂ ಇಲ್ಲಿಯ ಇಂಗ್ಲಿಷ್ ಪಾದ್ರಿಗಳು ತಮ್ಮ ಪುಸ್ತಕಗಳ ನಕಲನ್ನು ಪ್ರೆಸಿಡೆನ್ಸಿಯ ಮೂಲಕ ಲಂಡನ್ನಿಗೆ ಕಳುಹಿಸುತ್ತಿದ್ದರು. ಮದರಾಸಿನವು ೧೬೯೮ರಿಂದ, ಮುಂಬಯಿಯವು ೧೭೦೯ರಿಂದ, ಬಂಗಾಳದವು ೧೭೧೩ರಿಂದ ಇವೆ. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ, ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಬೆಂಗಳೂರು ದಂಡಿನ, ಬಳ್ಳಾರಿಯ ದಾಖಲೆಗಳು ಮದರಾಸಿನ ಸಾಲಿನಲ್ಲಿ. ಧಾರವಾಡ ಬೆಳಗಾವಿಗಳವು ಮುಂಬಯಿಯ ಸಾಲಿನಲ್ಲಿ. ಅವುಗಳಲ್ಲಿ ಬಹುಪಾಲು ಯೂರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಹೆಸರುಗಳು. ಹೀಗಾಗಿ ಬೆಂಗಳೂರು ದಂಡಿನಲ್ಲಿ ಮಡಿದ ಗೋರಾ ಸಿಪಾಯಿಯೊಬ್ಬನ ಮರಿಮಗ ಇಂಗ್ಲೆಂಡಿನ ತನ್ನ ಮನೆಯಲ್ಲಿ ಕುಳಿತು ಆ ಸಮಾಧಿಯ ಸಾಲನ್ನು ಓದಬಲ್ಲ. ಅದೇ ಕಾಲದ ರಾಯಪ್ಪನ ಮರಿಮಗಳು ಹತ್ತು ಮೈಲಿ ದೂರದ ಇಗರ್ಜಿಗೆ ಹೋಗಿ ‘ಅಪ್ಪಣೆ ಇಲ್ಲ’ ಎನ್ನಿಸಿಕೊಳ್ಳಬೇಕು. ಇಬ್ಬರಿಗಾಗಿಯೂ ಪುಸ್ತಕ ಬರೆದ ಶ್ರದ್ಧೆ ಒಂದೇ. ನಕಲು ತೆಗೆದದ್ದರಲ್ಲಿ, ತೆರೆದಿಟ್ಟದ್ದರಲ್ಲಿ ವ್ಯತ್ಯಾಸವಾಯಿತು.

ಮಾಡಬಹುದಾದದ್ದು

ಪುಸ್ತಕಗಳ ಒಡೆತನ ಸಭೆಯದೇ, ಅದರಲ್ಲಿ ವಿವಾದವಿಲ್ಲ. ಅದನ್ನು ಸರ್ಕಾರಕ್ಕೆ ಒಪ್ಪಿಸಿರೆಂದು ನಾನು ಹೇಳುವುದಿಲ್ಲ. ಹಾಗೆಯೇ ಬದುಕಿರುವವರ ಗುಟ್ಟನ್ನು ಬೀದಿಗೆ ತನ್ನಿರೆಂದೂ ಯಾರೂ ಹೇಳಲಾರರು. ಬೀಗಕ್ಕೂ ಬೀದಿಗೂ ನಡುವೆ ಒಂದು ಮರ್ಯಾದೆಯ ದಾರಿಯಿದೆ. ನೂರು ವರ್ಷವೆಂದೋ ನೂರ ಹತ್ತು ವರ್ಷವೆಂದೋ ಒಂದು ಗಡುವನ್ನು ನಿಶ್ಚಯಿಸಲಿ. ಗಡುವಿನ ಈಚಿನದು ಆಯಾ ವ್ಯಕ್ತಿಗೆ ಮತ್ತು ಅವರ ಹತ್ತಿರದವರಿಗೆ ಮಾತ್ರ. ಆಚಿನದು ಕಾರಣ ತಿಳಿಸಿ ಕೇಳಿದ ಎಲ್ಲರಿಗೂ. ಅಪ್ಪಣೆ ಕೊಡುವವರು ಯಾರು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಶುಲ್ಕವೆಷ್ಟು ಎಂಬುದನ್ನು ಧರ್ಮಪ್ರಾಂತ್ಯವೇ ಬರೆದು ಇಗರ್ಜಿಯ ಬಾಗಿಲಲ್ಲಿ ಅಂಟಿಸಲಿ. ಪುಸ್ತಕಗಳ ಛಾಯಾಪ್ರತಿಯೊಂದನ್ನು ತೆಗೆಸಿ ಬೇರೆ ಊರಿನಲ್ಲಿಡಲಿ. ಇಷ್ಟಕ್ಕೆ ದೊಡ್ಡ ಧನವೇನೂ ಬೇಡ; ಇಂದು ಒಳ್ಳೆಯ ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಬೇಕಾದದ್ದು ಮನಸ್ಸು ಮತ್ತು ಕ್ರಮ.

ಹುಡುಕಹೋಗುವವರಿಗೂ ಧರ್ಮವುಂಟು. ‘ನಮ್ಮ ಹಿರಿಯರ ವಿಷಯವೆಲ್ಲ ಕೊಡಿ’ ಎಂದು ಭಾನುವಾರದ ಪೂಜೆಯ ಹೊತ್ತಿಗೆ ಹೋಗಿ ನಿಂತರೆ ಯಾವ ಪಾದ್ರಿಯೂ ಕೈಮುಗಿದಾನು. ಮೊದಲು ಮನೆಯ ಮುದುಕರನ್ನು ಕೇಳಿ, ಊರು, ಮನೆಹೆಸರು, ಅಂದಾಜು ವರ್ಷ, ಜ್ಞಾನಪಿತರ ಹೆಸರು ಇವನ್ನು ಬರೆದುಕೊಳ್ಳಬೇಕು. ಮುಂಚಿತವಾಗಿ ಪತ್ರ ಬರೆಯಬೇಕು. ಐದೈದು ವರ್ಷಗಳ ಮಿತಿಯಲ್ಲಿ ಕೇಳಬೇಕು. ಬೆರಳನ್ನು ಒದ್ದೆ ಮಾಡಿ ಪುಟ ತಿರುವಬಾರದು. ಪಕ್ಕದ ಸಾಲಿನಲ್ಲಿ ಕಂಡ ನೆರೆಮನೆಯವರ ಸಂಗತಿಯನ್ನು ಹೊರಗೆ ಬಂದು ಆಡಬಾರದು. ಸಿಕ್ಕಿದ್ದನ್ನು ಪುಟದ ಸಂಖ್ಯೆಯೊಡನೆ ಶುದ್ಧವಾಗಿ ಬರೆದು ಒಂದು ಪ್ರತಿಯನ್ನು ಇಗರ್ಜಿಗೂ ಕೊಟ್ಟರೆ ಮುಂದಿನವರಿಗೆ ಪುಣ್ಯ.

ಕೊನೆಗೆ ನಮ್ಮ ಕನ್ನಡ ಅಧ್ಯಾಪಕವರ್ಗಕ್ಕೆ ಒಂದು ಮಾತು. ಶಾಸನಗಳನ್ನು ಓದಲು, ಓಲೆಗರಿಗಳನ್ನು ಬಿಡಿಸಲು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಇಗರ್ಜಿಯ ಪುಸ್ತಕಗಳೂ ಅದೇ ಗೌರವಕ್ಕೆ ಅರ್ಹವಾದ ಹಸ್ತಪ್ರತಿಗಳು. ಕನ್ನಡ ವ್ಯಕ್ತಿನಾಮಗಳ ಚರಿತ್ರೆ, ಊರುಗಳ ಹಳೆಯ ರೂಪಗಳು, ಕ್ಷಾಮ ಕಾಲರಾಗಳಲ್ಲಿ ಸತ್ತವರ ಲೆಕ್ಕ, ಒಂದೂರಿನಿಂದ ಇನ್ನೊಂದೂರಿಗೆ ಜನ ಹೋದ ದಾರಿ, 이ವೆಲ್ಲ ಅಲ್ಲಿವೆ. ಹತ್ತಿರದ ಇಗರ್ಜಿಯ ಧರ್ಮಗುರುಗಳೊಡನೆ ಮಾತಾಡಿ, ಅವರ ಕಣ್ಣೆದುರಿನಲ್ಲಿಯೇ, ಗಡುವು ದಾಟಿದ ಒಂದು ಪುಸ್ತಕಕ್ಕೆ ಅಕಾರಾದಿ ಸೂಚಿಯನ್ನು ಮಾಡಿಕೊಡುವುದು ಸ್ನಾತಕೋತ್ತರ ವಿದ್ಯಾರ್ಥಿಗಳಿಬ್ಬರಿಗೆ ಒಂದು ಬೇಸಗೆಯ ಕೆಲಸ. ಸೂಚಿ ಸಿದ್ಧವಾದರೆ ಪಾದ್ರಿಗಳಿಗೂ ಹೊರೆ ಕಡಿಮೆ. ಮೂಲಪುಸ್ತಕವನ್ನು ಮತ್ತೆ ಮತ್ತೆ ತೆರೆಯುವ ಅಪಾಯವೂ ಕಡಿಮೆ. ಕಾಗದಕ್ಕೆ ಆಯುಸ್ಸು ಉಂಟು. ನಮ್ಮ ಮಳೆನಾಡಿನಲ್ಲಿ ಅದು ಇನ್ನೂ ಸ್ವಲ್ಪ. ಮುಂದಿನ ಮಳೆಗಾಲಕ್ಕೆ ಮೊದಲು ಒಂದೊಂದು ಊರಿನಲ್ಲಿ ಒಂದೊಂದು ಪುಸ್ತಕಕ್ಕಾದರೂ ಈ ಕೆಲಸ ಆರಂಭವಾಗಲಿ ಎಂದು ಧರ್ಮಗುರುಗಳಲ್ಲಿಯೂ ನನ್ನ ಸಹೋದ್ಯೋಗಿಗಳಲ್ಲಿಯೂ ಬಿನ್ನವಿಸಿಕೊಳ್ಳುತ್ತೇನೆ.